ಎರಡು ಸೊಂಟದ ವರ್ಣತಂತು ಕಣ್ಣಿಗೆ ಬೀಳಬೇಕಾದರೆ

ಮೈಗೆ ಎಷ್ಟು ವಿಕಿರಣ ತಾಗಿದೆ ಎಂದು ಎದೆಗೆ ಸಿಕ್ಕಿಸಿಕೊಂಡ ಬ್ಯಾಡ್ಜ್ ಹೇಳುತ್ತದೆ. ಬ್ಯಾಡ್ಜೇ ಇಲ್ಲದವರ ಗತಿ? 2010ರಲ್ಲಿ ದೆಹಲಿಯ ಮಾಯಾಪುರಿಯ ಗುಜರಿ ಅಂಗಡಿಗಳಲ್ಲಿ ವಿಕಿರಣ ಸೂಸುವ ಕೋಬಾಲ್ಟ್-60ರ ಪಕ್ಕದಲ್ಲಿ ದುಡಿದವರಿಗೆ ಬ್ಯಾಡ್ಜ್ ಎಲ್ಲಿಂದ ಬರಬೇಕು? ಅಂಥವರಿಗೆ ರಕ್ತವೇ ಸಾಕ್ಷಿ. ವಿಕಿರಣದಿಂದ ತುಂಡಾದ ಎರಡು ವರ್ಣತಂತುಗಳು ತಪ್ಪಾಗಿ ಬೆಸೆದುಕೊಂಡರೆ ಎರಡು ಸೊಂಟದ, ಅಂದರೆ ಎರಡು ಸೆಂಟ್ರೊಮಿಯರ್‌ಗಳ, ಡೈಸೆಂಟ್ರಿಕ್ ಹುಟ್ಟುತ್ತದೆ. ಇಂಥವು ಎಷ್ಟಿವೆ ಎಂದು ಎಣಿಸಿಯೇ ಡೋಸ್ ಅಂದಾಜು ಮಾಡುವುದು. ವಿಕಿರಣ ತಾಗದವರಲ್ಲಿ ಇದು ಸಾವಿರ ಕೋಶಕ್ಕೆ ಒಂದರ ಆಸುಪಾಸು. ಇಷ್ಟು ಅಪರೂಪದ್ದನ್ನು ಹುಡುಕುವಾಗ ಸ್ಲೈಡ್ ಕೆಟ್ಟಿದ್ದರೆ ಎಂಥ ಮೈಕ್ರೊಸ್ಕೋಪ್ ಇದ್ದೂ ಪ್ರಯೋಜನವಿಲ್ಲ. ಸ್ಲೈಡ್ ಕೆಡುವುದು ಹೆಚ್ಚಾಗಿ, ಬೆಳೆಸಿದ ಕೋಶಗಳನ್ನು ಹೊರತೆಗೆದು ಸ್ಲೈಡಿಗೆ ಸಿದ್ಧಮಾಡುವ ಹಾರ್ವೆಸ್ಟ್‌ನ ಮೊದಲ ಅರ್ಧ ಗಂಟೆಯಲ್ಲೇ.

ರಕ್ತ ಮತ್ತು ಕಲ್ಚರ್

ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬಿನಲ್ಲೇ ರಕ್ತ ತೆಗೆಯಿರಿ. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್ ಬೇಡ. ಅದು ಕ್ಯಾಲ್ಸಿಯಂ ಹಿಡಿದಿಟ್ಟುಕೊಂಡು ಕೋಶ ಬೆಳೆಯಲು ಬಿಡುವುದಿಲ್ಲ. ಸಾಗಿಸುವಾಗ ಟ್ಯೂಬನ್ನು ಐಸಿಗೆ ತಾಗಿಸಬಾರದು. 24 ಗಂಟೆಯೊಳಗೆ ಕಲ್ಚರ್ ಹಾಕಿ.

4.5 ಮಿ.ಲೀ. ಮೀಡಿಯಂಗೆ (ಕೋಶ ಬೆಳೆಯುವ ಪೋಷಕ ದ್ರವ: ಆರ್‌ಪಿಎಂಐ-1640, ಶೇ 15ರಿಂದ 20 ಸೀರಂ, ಪಿಎಚ್‌ಎ) 0.5 ಮಿ.ಲೀ. ರಕ್ತ ಸೇರಿಸಿ 37 ಡಿಗ್ರಿಯಲ್ಲಿಡಿ. ರಾಜ್ಮಾ ಕಾಳಿನ ಜಾತಿಯಿಂದ ತೆಗೆಯುವ ಈ ಪಿಎಚ್‌ಎ, ಮಲಗಿರುವ ಲಿಂಫೊಸೈಟ್‌ಗಳನ್ನು (ಒಂದು ಬಗೆಯ ಬಿಳಿ ರಕ್ತಕಣ) ಎಬ್ಬಿಸಿ ವಿಭಜನೆಗೆ ಹಚ್ಚುತ್ತದೆ. ಕರಗಿಸಿದ ಮೇಲೆ ಸಣ್ಣ ಪಾಲು ಮಾಡಿ ಫ್ರೀಜರಿಗೆ ಹಾಕಿ. ಒಂದೇ ಬಾಟಲಿಯನ್ನು ಹತ್ತು ಸಲ ಕರಗಿಸಿ ಹತ್ತು ಸಲ ಹೆಪ್ಪುಗಟ್ಟಿಸಿದರೆ ಅದರ ಕಸುವು ಹೋಗುತ್ತದೆ. ಹೊಸ ಬ್ಯಾಚ್ ಬಂದಾಗೆಲ್ಲ ಮೊದಲು ಒಂದು ಗೊತ್ತಿರುವ ರಕ್ತದಲ್ಲಿ ನೋಡಿಕೊಳ್ಳಿ.

ಅವಧಿ 48 ಗಂಟೆ, ಅಷ್ಟೇ. ಕ್ಯಾರಿಯೊಟೈಪಿಂಗ್‌ಗೆಂದು (ವರ್ಣತಂತುಗಳನ್ನು ಜೋಡಿಸಿ ನೋಡುವ ಪರೀಕ್ಷೆ) ಸಿಗುವ ರೆಡಿಮೇಡ್ ಮೀಡಿಯಂ ಜತೆ ಸಾಮಾನ್ಯವಾಗಿ 72 ಗಂಟೆ ಎಂಬ ಸೂಚನೆ ಇರುತ್ತದೆ, ಅದನ್ನು ಪಾಲಿಸಬೇಡಿ. ಅಷ್ಟು ಹೊತ್ತಿಗೆ ಕೋಶಗಳು ಎರಡನೇ ವಿಭಜನೆಗೆ ಹೋಗಿರುತ್ತವೆ, ಒಂದೊಂದು ವಿಭಜನೆಯಲ್ಲೂ ಹೆಚ್ಚುಕಡಿಮೆ ಅರ್ಧದಷ್ಟು ಡೈಸೆಂಟ್ರಿಕ್‌ಗಳು ಕಳೆದುಹೋಗುತ್ತವೆ. ವರದಿಯಲ್ಲಿ ಡೋಸ್ ಕಡಿಮೆ ಕಾಣುತ್ತದೆ. ಪೆಟ್ಟು ತಿಂದವನಿಗೆ ಏನೂ ಆಗಿಲ್ಲ ಎಂದು ಹೇಳಿದಂತಾಗುತ್ತದೆ.

ಕೊನೆಯ ಎರಡು-ಮೂರು ಗಂಟೆಗೆ ಕಾಲ್ಸೆಮಿಡ್, ಮಿ.ಲೀ.ಗೆ 0.1 ಮೈಕ್ರೊಗ್ರಾಂ. ಗೌರಿಹೂವಿನ ಗೆಡ್ಡೆಯಲ್ಲಿರುವ ಕಾಲ್ಚಿಸಿನ್‌ನ ಹತ್ತಿರದ ನಂಟಿನದು ಇದು. ಕೋಶವನ್ನು ಮೆಟಾಫೇಸ್‌ನಲ್ಲೇ, ಅಂದರೆ ವಿಭಜನೆಯಲ್ಲಿ ವರ್ಣತಂತುಗಳು ಸ್ಪಷ್ಟವಾಗಿ ಕಾಣುವ ಹಂತದಲ್ಲೇ, ನಿಲ್ಲಿಸುತ್ತದೆ. ಮೆಟಾಫೇಸ್ ಹೆಚ್ಚು ಸಿಗಲಿ ಎಂದು ಪ್ರಮಾಣ ಏರಿಸಿದರೆ ವರ್ಣತಂತುಗಳು ಮೊಟಕಾಗಿ ಸೊಂಟ ಎಲ್ಲಿದೆ ಎಂದೇ ತಿಳಿಯುವುದಿಲ್ಲ.

ಹಾರ್ವೆಸ್ಟ್

200 ಜಿ ಬಲದಲ್ಲಿ (ಗುರುತ್ವದ 200 ಪಟ್ಟು) 8ರಿಂದ 10 ನಿಮಿಷ ಸೆಂಟ್ರಿಫ್ಯೂಜ್ ಮಾಡಿ. ‘1000 ಆರ್‌ಪಿಎಂ’ ಎಂದು ಎಲ್ಲರೂ ಬರೆದಿಟ್ಟಿರುತ್ತಾರೆ. ರೋಟರ್‌ನ ತ್ರಿಜ್ಯ 18 ಸೆಂ.ಮೀ. ಇದ್ದರೆ ಆ ಲೆಕ್ಕ ಸರಿ, ಮೇಜಿನ ಮೇಲಿನ 10 ಸೆಂ.ಮೀ. ಯಂತ್ರಕ್ಕೆ ಸುಮಾರು 1340 ಬೇಕು. ಮೇಲಿನ ದ್ರವ ತೆಗೆದ ಮೇಲೆ ಟ್ಯೂಬಿನ ತಳವನ್ನು ಬೆರಳಿನಿಂದ ತಟ್ಟಿ ಪೆಲೆಟ್, ಅಂದರೆ ತಳಕ್ಕೆ ಕೂತ ಕೋಶಗಳ ಮುದ್ದೆ, ಬಿಡಿಸಿ. ಇಲ್ಲಿ ಉಳಿದ ಗಂಟು ಕೊನೆಯವರೆಗೂ ಗಂಟೇ.

ಈಗ 0.075 ಮೋಲಾರ್ ಪೊಟ್ಯಾಷಿಯಂ ಕ್ಲೋರೈಡ್, ಅಂದರೆ ಲೀಟರಿಗೆ 5.59 ಗ್ರಾಂ. ಮೊದಲೇ 37 ಡಿಗ್ರಿಗೆ ಬೆಚ್ಚಗಾಗಿರಬೇಕು. 10 ಮಿ.ಲೀ. ಹಾಕಿ 15 ನಿಮಿಷ ಬಿಡಿ. ನೀರು ಒಳಗೆ ಹೊಕ್ಕು ಕೋಶ ಬಲೂನಿನಂತೆ ಉಬ್ಬಿದರೆ ಮಾತ್ರ ವರ್ಣತಂತುಗಳು ಒಂದರಿಂದ ಒಂದು ದೂರವಾಗುತ್ತವೆ. ಹೊತ್ತು ಕಡಿಮೆಯಾದರೆ ಅವು ಕಡ್ಡಿ ಕಟ್ಟಿನಂತೆ ಒಂದರ ಮೇಲೊಂದು ಬೀಳುತ್ತವೆ. ಹೆಚ್ಚಾದರೆ ಕೋಶ ಒಡೆದು ಚೆಲ್ಲಿಹೋಗುತ್ತವೆ. 15 ನಿಮಿಷ ಮುಗಿದಾಗ ಸೆಂಟ್ರಿಫ್ಯೂಜ್ ಖಾಲಿ ಇರಬೇಕು. ಇನ್ನೊಬ್ಬರ ಟ್ಯೂಬ್ ತಿರುಗಿ ಮುಗಿಯಲೆಂದು ಕಾಯುವ ಹತ್ತು ನಿಮಿಷವೂ ಉಬ್ಬುವ ಹತ್ತು ನಿಮಿಷವೇ.

ಕೋಶಗಳನ್ನು ಇದ್ದ ಸ್ಥಿತಿಯಲ್ಲೇ ಹಿಡಿದಿಡುವ ಫಿಕ್ಸೆಟಿವ್ ಆಗಷ್ಟೇ ಬೆರೆಸಿದ್ದಾಗಿರಬೇಕು: ಮೂರು ಪಾಲು ನೀರಿಲ್ಲದ ಮೆಥನಾಲ್, ಒಂದು ಪಾಲು ಗ್ಲೇಷಿಯಲ್ ಅಸಿಟಿಕ್ ಆಮ್ಲ. ಬೆಳಿಗ್ಗೆ ಬೆರೆಸಿದ್ದನ್ನು ಸಂಜೆ ಬಳಸಬೇಡಿ; ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ, ಒಳಗೊಳಗೇ ಎಸ್ಟರ್ ಆಗುತ್ತದೆ. ಸೆಂಟ್ರಿಫ್ಯೂಜ್‌ಗೆ ಇಡುವ ಮುಂಚೆ ಕ್ಲೋರೈಡ್ ದ್ರವಕ್ಕೇ ಒಂದು ಮಿ.ಲೀ. ಫಿಕ್ಸೆಟಿವ್ ಸೇರಿಸಿ ನಿಧಾನ ಮಗುಚಿ. ಹಲವರು ಬಿಡುವ ಹಂತ ಇದು, ಬಿಡಬಾರದು.

ಸೆಂಟ್ರಿಫ್ಯೂಜ್ ಮುಗಿದ ಮೇಲೆ ಪೆಲೆಟ್ ಬಿಡಿಸಿ, ಎಡಗೈಯಲ್ಲಿ ಟ್ಯೂಬ್ ಅಲುಗಾಡಿಸುತ್ತಲೇ ಬಲಗೈಯಿಂದ ತಣ್ಣನೆಯ ಫಿಕ್ಸೆಟಿವ್ ಹನಿ ಹನಿಯಾಗಿ ಬಿಡಿ. ಮೊದಲ ಹನಿಗಳಿಗೇ ಕೆಂಪು ಬಣ್ಣ ಕಾಫಿ ಡಿಕಾಕ್ಷನ್ನಿನ ಕಂದಿಗೆ ತಿರುಗುತ್ತದೆ. ಆಗ ಕೈ ನಿಂತರೆ, ಅಥವಾ 5 ಮಿ.ಲೀ. ಒಮ್ಮೆಗೇ ಸುರಿದರೆ, ಎಲ್ಲವೂ ಅಂಟಿನ ಉಂಡೆಯಾಗುತ್ತದೆ. ಅದನ್ನು ಪಿಪೆಟ್ಟಿನಿಂದ ಒಡೆಯಲು ಹೋದರೆ ಕೋಶಗಳೂ ಒಡೆಯುತ್ತವೆ. ಪೆಲೆಟ್ ಬೆಳ್ಳಗಾಗುವವರೆಗೆ, ಮೂರರಿಂದ ಐದು ಸಲ, ಫಿಕ್ಸೆಟಿವ್ ಬದಲಿಸಿ.

ಹನಿ ಬೀಳಿಸುವುದು

ಕೋಶ ಬೆರೆತ ಫಿಕ್ಸೆಟಿವನ್ನು ಸ್ಲೈಡಿನ ಮೇಲೆ ಎತ್ತರದಿಂದ ಹನಿಸಿದಷ್ಟೂ ಚೆನ್ನಾಗಿ ಹರಡುತ್ತದೆ ಎಂದು ಕುರ್ಚಿ ಹತ್ತುವ ಅಗತ್ಯವಿಲ್ಲ. ಹರಡುವುದನ್ನು ತೀರ್ಮಾನಿಸುವುದು ಒಣಗುವ ವೇಗ. ಕೊಠಡಿ 25 ಡಿಗ್ರಿ, ತೇವಾಂಶ ಶೇ 50ರ ಸುತ್ತ ಇದ್ದರೆ ಒಳ್ಳೆಯದು. ಜುಲೈನ ಮಂಗಳೂರಿನಲ್ಲಿ ಸ್ಲೈಡ್ ತಡವಾಗಿ ಒಣಗಿ ವರ್ಣತಂತುಗಳು ಚದುರುತ್ತವೆ, ಎ.ಸಿ. ಹಾಕಿದ ಒಣ ಕೋಣೆ ಬೇಕು. ಏಪ್ರಿಲ್‌ನ ಕಲಬುರಗಿಯಲ್ಲಿ ಬಲುಬೇಗ ಒಣಗಿ ಕೋಶ ತೆರೆದುಕೊಳ್ಳುವುದೇ ಇಲ್ಲ. ಅಲ್ಲಿ ಸ್ಲೈಡನ್ನು ಬಿಸಿನೀರಿನ ಆವಿಗೆ ಎರಡು ಕ್ಷಣ ಹಿಡಿಯಿರಿ. ಒಂದೇ ಸ್ಲೈಡ್ ಮಾಡಿ, ನೋಡಿ, ಆಮೇಲೆ ಉಳಿದವನ್ನು ಮಾಡಿ. ವರ್ಣತಂತುಗಳ ಸುತ್ತ ಬೂದು ಮಸುಕು ಕಂಡರೆ ಇನ್ನೊಂದು ಸಲ ಫಿಕ್ಸೆಟಿವ್ ಬದಲಿಸಬೇಕು.

ಬಣ್ಣಕ್ಕೆ ಸೋಸಿದ ಜೀಮ್ಸಾ, ಪಿಎಚ್ 6.8ರ ಬಫರ್‌ನಲ್ಲಿ ಶೇ 5, ಹತ್ತು ನಿಮಿಷ.

ಎಣಿಕೆ

ನಿಜವಾದ ಡೈಸೆಂಟ್ರಿಕ್ ಜತೆಗೆ ಸೊಂಟವಿಲ್ಲದ ಒಂದು ತುಂಡು ಇರುತ್ತದೆ. 44 ಸಾಮಾನ್ಯ ವರ್ಣತಂತು, ಒಂದು ಡೈಸೆಂಟ್ರಿಕ್, ಒಂದು ತುಂಡು: ಒಟ್ಟು 46. ಎರಡು ವರ್ಣತಂತು ಒಂದರ ಮೇಲೊಂದು ಬಿದ್ದು ಮೋಸ ಮಾಡಿದಾಗ ಎಣಿಕೆ 45ಕ್ಕೆ ನಿಲ್ಲುತ್ತದೆ, ತುಂಡು ಸಿಗುವುದಿಲ್ಲ, ದಾಟುವ ಜಾಗ ಕಪ್ಪಗಿರುತ್ತದೆ. ಮೊದಲು 46 ಎಣಿಸಿ, ನಂತರ ಹಾನಿ ಹುಡುಕಿ. 500 ಕೋಶ ಅಥವಾ 100 ಡೈಸೆಂಟ್ರಿಕ್, ಯಾವುದು ಮೊದಲಾದರೆ ಅಲ್ಲಿಗೆ ನಿಲ್ಲಿಸಬಹುದು. 0.1 ಗ್ರೇ (ಮೈ ಹೀರಿದ ವಿಕಿರಣದ ಅಳತೆ) ಆಸುಪಾಸಿನ ಸಣ್ಣ ಡೋಸ್ ಶಂಕೆ ಇದ್ದರೆ ಸಾವಿರಕ್ಕೆ ಕಡಿಮೆ ಎಣಿಸಬೇಡಿ.

ಪಳಗಿದ ಕಣ್ಣಿಲ್ಲದ ಲ್ಯಾಬಿಗೆ ಕೋಶದ ಮುಖ್ಯ ಕೇಂದ್ರದ ಹೊರಗೆ ಉಳಿದ ಪುಟ್ಟ ಕೇಂದ್ರಗಳನ್ನು ಎಣಿಸುವ ಮೈಕ್ರೊನ್ಯೂಕ್ಲಿಯಸ್ ಪರೀಕ್ಷೆ ಸುಲಭ: 44ನೇ ಗಂಟೆಗೆ, ಕೇಂದ್ರ ಎರಡಾದರೂ ಕೋಶ ಸೀಳದಂತೆ ತಡೆಯುವ ಸೈಟೊಕಲಾಸಿನ್-ಬಿ, ಮಿ.ಲೀ.ಗೆ 6 ಮೈಕ್ರೊಗ್ರಾಂ, 72ಕ್ಕೆ ಹಾರ್ವೆಸ್ಟ್, ಎರಡು ಕೇಂದ್ರದ ಸಾವಿರ ಕೋಶ. ಮೇಲಿನ 15 ನಿಮಿಷದ ಕ್ಲೋರೈಡ್ ಇಲ್ಲಿ ಸಲ್ಲದು, ಕೇಂದ್ರದ ಸುತ್ತಲಿನ ಸೈಟೊಪ್ಲಾಸಂ ಉಳಿಯಬೇಕು. ವಯಸ್ಸಾದವರಲ್ಲೂ ಹೆಂಗಸರಲ್ಲೂ ಸಹಜ ಸಂಖ್ಯೆಯೇ ಹೆಚ್ಚಿರುವುದರಿಂದ, ಸಣ್ಣ ಡೋಸ್‌ಗೆ ಡೈಸೆಂಟ್ರಿಕ್ಕೇ ಮೇಲು.

ಉಳಿದ ಪೆಲೆಟ್ ಚೆಲ್ಲಬೇಡಿ. ಫಿಕ್ಸೆಟಿವ್‌ನಲ್ಲೇ ಮುಚ್ಚಳ ಬಿಗಿದು ಮೈನಸ್ 20 ಡಿಗ್ರಿಯಲ್ಲಿಡಿ. ಮೆಥನಾಲ್ ತಾಗಿದರೆ ಮಾರ್ಕರ್ ಪೆನ್ನಿನ ಬರಹ ಅಳಿಸಿಹೋಗುತ್ತದೆ, ಹೆಸರನ್ನು ಪೆನ್ಸಿಲ್‌ನಲ್ಲಿ ಬರೆದು ಅಂಟಿಸಿ.