ಕೆರೆ ಬತ್ತಿಸದೆ ಹೂಳು ತೆಗೆದದ್ದು: ನನ್ನ ಅನುಭವ

ಹೂಳು ತೆಗೀಬೇಕಾದ್ರೆ ಕೆರೆ ಪೂರ್ತಿ ಒಣಗ್ಬೇಕು ಅಂತ ನಮ್ಮ ಕಡೆ ಎಲ್ರೂ ಹೇಳುದು. ನಾನು ಒಣಗ್ಲಿಕ್ಕೆ ಬಿಡ್ಲಿಲ್ಲ, ಎರಡು ಅಡಿ ನೀರಿರುವಾಗ್ಲೇ ಹೂಳನ್ನು ಅದೇ ನೀರಲ್ಲಿ ಕದಡಿ ಪಂಪಲ್ಲಿ ಎಳೆದು ಗದ್ದೆಗೆ ಬಿಟ್ಟೆ, ನೀರು ತಿಳಿಯಾಗಿ ವಾಪಸ್ ಕೆರೆಗೇ ಬಂತು. 2023ರ ಬೇಸಗೆಯ ಕೆಲಸ ಇದು. ಅದರ ನಂತರದ ಎರಡು ಬೇಸಗೆಯಲ್ಲೂ ತೋಟಕ್ಕೆ ನೀರು ಸಾಲದೆ ಬರ್ಲಿಲ್ಲ, ಹಾಗಾಗಿ ಈಗ ಧೈರ್ಯದಲ್ಲಿ ಬರೀತಾ ಇದ್ದೇನೆ.

ನಮ್ಮದು ಉಡುಪಿ ಕಡೆಯ ಹಿರಿಯಡ್ಕ ಹತ್ರ. ಕೆರೆ ಅಂದಾಜು 40ಕ್ಕೆ 30 ಅಡಿ, ಸುತ್ತ ಅಜ್ಜನ ಕಾಲದ ಮುರಕಲ್ಲಿನ ಗೋಡೆ, ಅದರಾಚೆ ಅಡಿಕೆ. ಹೂಳು ನಾಲ್ಕಡಿ ಇದ್ದಿರ್ಬೇಕು, ಬಿದಿರು ಊರಿ ನೋಡಿದ ಲೆಕ್ಕ. 2019ರ ಮೇಯಲ್ಲಿ ಉಡುಪಿಗೆ ನೀರು ಕೊಡುವ ಬಜೆ ಡ್ಯಾಮೇ ಬತ್ತಿ ಉಡುಪಿ ಪೇಟೆಯವರಿಗೆ ಟ್ಯಾಂಕರ್ ಗತಿ ಆಯ್ತಲ್ಲ, ಆ ವರ್ಷ ನಮ್ಮ ಕೆರೆಯೂ ಕೈಕೊಟ್ಟಿತ್ತು. ಆಗ ಹಿಟಾಚಿಯವರನ್ನು ಕರೆಸಿ ತೋರಿಸಿದೆ. ಮೆಶಿನ್ ಇಳೀಬೇಕಾದ್ರೆ ದಾರಿ ಬೇಕು, ದಾರಿಗೆ ಫಲ ಬರುವ ಅಡಿಕೆ ಮರ ಹದಿನೆಂಟೋ ಇಪ್ಪತ್ತೋ ಕಡೀಬೇಕು, ತೋಡಿನ ಸಂಕ (ಸಣ್ಣ ಸೇತುವೆ) ಒಡೀಬೇಕು, ಗಂಟೆಗೆ ಸಾವಿರದ ಇನ್ನೂರು, ಟಿಪ್ಪರ್ ಬೇರೆ. ಒಟ್ಟು ಒಂದೂಕಾಲು ಲಕ್ಷದ ಹತ್ರ ಹೇಳಿದ್ರು. ಬೇಡ ಅಂದೆ.

ಪಕ್ಕದ ಮನೆಯವರು ಅದೇ ವರ್ಷ ಒಣಗಿಸಿ ಮೆಶಿನ್ ಇಳಿಸಿದ್ರು. ಹೂಳು ಹೋಯ್ತು, ಜೊತೆಗೆ ಗೋಡೆಯ ಬುಡದ ಶೇಡಿ ಮಣ್ಣನ್ನೂ (ಬಿಳಿ ಜೇಡಿ) ಬಕೆಟ್ ಕೆರೆಯಿತು. ಶೇಡಿ ಗೊತ್ತುಂಟಲ್ಲ, ಒಣಗಿದ್ರೆ ಗಟ್ಟಿ, ನೀರು ಕುಡಿದ್ರೆ ಜಾರುದು. ಜೋರು ಮಳೆ ಬಂದ ಮೇಲೆ ಒಂದು ಬದಿ ಗೋಡೆ ಪೂರ್ತಿ ಕೆರೆಗೇ ಬಿತ್ತು. ಒಳಗೆ ನೀರಿರುವಾಗ ಗೋಡೆಗೆ ಸ್ವಲ್ಪ ಆನಿಕೆ ಇರ್ತದೆ, ಬತ್ತಿಸಿ ಬುಡ ಕೆರೆದ್ರೆ ಅದೂ ಇಲ್ಲ. ನನಗೆ ನೀರಿಟ್ಟೇ ತೆಗೆಯುವ ಯೋಚನೆ ಬಂದದ್ದು ಅದನ್ನು ನೋಡಿ.

ನಡುವೆ ಒಂದು ವರ್ಷ ಆಳುಗಳನ್ನು ಇಳಿಸಿ ಬುಟ್ಟಿಯಲ್ಲಿ ಹೊರಿಸಿದ್ದೂ ಉಂಟು. ಆಳಿಗೆ 900, ಊಟ ಚಾ ಬೇರೆ, ಇಪ್ಪತ್ತು ಸಾವಿರದ ಮೇಲೆ ಹೋಗಿ ಒಂದು ಮೂಲೆ ಖಾಲಿ. ಲಾಭ ಅಂದ್ರೆ ಒಂದು ಬಾಲ್ದಿ ಮುಗುಡು ಮೀನು ಸಿಕ್ಕಿತು, ಸಾರು ಒಳ್ಳೆದಾಗಿತ್ತು.

ಪಂಪಿನ ಕಥೆ ಹೇಳಿ ಸುಖ ಇಲ್ಲ. ಮನೆಯ 5 ಎಚ್‌ಪಿ ಮೋನೋಬ್ಲಾಕ್ ಹಾಕಿದ್ರೆ ಕೊಳೆತ ಅಡಿಕೆ ಹಾಳೆ, ಸೋಗೆ ಸಿಕ್ಕಿ ಪೈಪಿನ ಬಾಯಿಯ ಫುಟ್‌ವಾಲ್ವ್ ಬ್ಲಾಕ್, ಅರ್ಧ ಗಂಟೆಗೊಮ್ಮೆ ಏರ್ ಹಿಡಿಯುದು. ಮತ್ತೆ ಮಂಗಳೂರಿಂದ ಬಾಡಿಗೆಗೆ 3 ಇಂಚಿನ ಪೆಟ್ರೋಲ್ ಮಡ್‌ಪಂಪ್ ತಂದೆ, ದಿನಕ್ಕೆ 800. ಅದು ಸಕ್ಷನ್ ಬಾಯಿಯ ಎದುರು ಒಂದು ಗುಂಡಿ ಮಾಡಿ ಆಮೇಲೆ ಬರೀ ತಿಳಿ ನೀರು ಎಳೀತು ಮಾರಾಯ್ರೆ, ಹೂಳು ಇದ್ದಲ್ಲೇ. ಹೂಳು ತಾನಾಗಿ ಪಂಪಿನ ಹತ್ರ ಬರುದಿಲ್ಲ, ಅದನ್ನು ಎಬ್ಬಿಸ್ಬೇಕು. ಅಡಿಕೆಗೆ ಮದ್ದು ಬಿಡುವ ಎಚ್‌ಟಿಪಿ ಸ್ಪ್ರೇ ಪಂಪಿನ ಗನ್ ಹಿಡಿದು ನೋಡಿದೆ, ಪ್ರೆಶರ್ ಉಂಟು, ನೀರು ಸಾಲುದಿಲ್ಲ, ಹೂಳಲ್ಲಿ ಗೆರೆ ಎಳೀತದೆ ಅಷ್ಟೆ. ಕಡೆಗೆ ಜೆಟ್ ಬಿಡ್ಲಿಕ್ಕೆ ಸರಿಯಾದದ್ದು 2 ಎಚ್‌ಪಿ ಪಂಪಿಗೆ ಎರಡಿಂಚು ಪೈಪ್, ತುದಿಯಲ್ಲಿ ಬಾಯಿ ಸಣ್ಣ ಮಾಡುವ ರೆಡ್ಯೂಸರ್. ಎಷ್ಟಕ್ಕೆ ಇಳಿಸಿದ್ದು, ಯಾವ ಕೋನದಲ್ಲಿ ಹಿಡಿದದ್ದು ಅಂತ ಕೇಳ್ಬೇಡಿ, ನೀವೂ ಸ್ವಲ್ಪ ಒದ್ದೆ ಆಗಿ.

ಎದ್ದ ಹೂಳನ್ನು ಎಳೀಲಿಕ್ಕೆ ಮಂಗಳೂರಿನ ಬೈಕಂಪಾಡಿಯ ಗುಜರಿಯಲ್ಲಿ ಕಟರ್ ಇರುವ 3 ಎಚ್‌ಪಿ ಸೀವೇಜ್ ಪಂಪ್ ಸಿಕ್ಕಿತು, ಹದಿನಾರು ಸಾವಿರ. ಎರಡು ಬ್ಯಾರೆಲ್ ಕಟ್ಟಿ ತೇಲಿಸಿ, ಹಗ್ಗದಲ್ಲಿ ಆಚೆ ಈಚೆ ಎಳೆಯುದು. ನೀರುದೋಸೆ ಹಿಟ್ಟಿನ ಹದದಲ್ಲಿ ಬರ್ಬೇಕು, ದಪ್ಪ ಆದ್ರೆ ಮೋಟಾರ್ ಬಿಸಿ. ಬೇಸಗೆಯ ವೋಲ್ಟೇಜ್ ನಿಮಗೂ ಗೊತ್ತುಂಟು, ಹಾಗಾಗಿ ಬೆಳಗ್ಗೆ ನಾಲ್ಕರಿಂದ ಎಂಟು ಮಾತ್ರ. ಕರೆಂಟ್ ಪಂಪ್ ಓಡುವಾಗ ಯಾರನ್ನೂ ನೀರಿಗೆ ಇಳಿಸ್ಲಿಲ್ಲ, ಜೆಟ್ ಹಿಡಿದದ್ದು ದಡದಿಂದ.

ಬಿಟ್ಟದ್ದು ಕೆರೆಗಿಂತ ಸ್ವಲ್ಪ ಮೇಲಿರುವ ಹಡಿಲು (ಬೇಸಾಯ ಇಲ್ಲದೆ) ಬಿದ್ದ ಮಜಲು ಗದ್ದೆಗೆ. ಹುಣಿ (ಬದು) ಹಾಕಿ ಮೂರು ಭಾಗ ಮಾಡಿ, ನೀರು ಹೋಗುವ ಪ್ರತಿ ಕಂಡಿಗೂ ತೆಂಗಿನ ಮಡಲು, ಸೋಗೆ ಒತ್ತಿ ಇಟ್ಟೆ. ಮೊದಲ ದಿನ ಬಿಟ್ಟ ನೀರೆಲ್ಲ ಗದ್ದೆಯ ಬಿರುಕು, ಏಡಿ ಬಿಲದಲ್ಲಿ ಮಾಯ! ಮೇಲಿನ ಮನೆ ಶೆಟ್ರು ಹುಣಿಯಲ್ಲಿ ನಿಂತು "ಇದ್ದ ನೀರನ್ನೂ ಕಳೆದ್ಯಾ ಮಾರಾಯ" ಅಂದ್ರು. ನಾನು ನಿಲ್ಲಿಸ್ಲಿಲ್ಲ. ಮೂರ್ನಾಲ್ಕು ದಿನದಲ್ಲಿ ಅದೇ ಕೆಸರು ಬಿರುಕಿಗೆಲ್ಲ ಕೂತು ಸೀಲ್ ಆಯ್ತು, ಆಮೇಲೆ ಬಿಟ್ಟದ್ದರಲ್ಲಿ ಮುಕ್ಕಾಲು ಪಾಲು ವಾಪಸ್ ಬರ್ತಿತ್ತು, ಉಳಿದದ್ದನ್ನು ರಾತ್ರಿಯ ಒರತೆ ತುಂಬಿಸ್ತಿತ್ತು. ನುಣ್ಣಗಿನ ಜೇಡಿ ಮಾತ್ರ ಬೇಗ ಕೂರುದಿಲ್ಲ. ನೀರು ತಿಳಿ ಮಾಡುವ ಸ್ಫಟಿಕ (ಆಲಂ) ಬಾಲ್ದಿಯಲ್ಲಿ ಕೆಲಸ ಮಾಡಿತು, ಗದ್ದೆಗೆ ಹಾಕ್ಲಿಕ್ಕೆ ಹೋದ್ರೆ ದಿವಾಳಿ. ಅದಕ್ಕೆ ಬೇರೆ ಒಂದು ಹಾಕ್ತೇನೆ, ಅಡುಗೆ ಮನೆಯಲ್ಲೇ ಸಿಗ್ತದೆ, ಅಷ್ಟು ಸಾಕು.

ಒಣಗಿದ ಹೂಳನ್ನು ಅಡಿಕೆ ಬುಡಕ್ಕೆ ಎರಡಿಂಚು ಹಾಕಿದ ಸಾಲು ಚಂದ ಉಂಟು, ಅರ್ಧ ಅಡಿ ಹಾಕಿದ ಸಾಲಿನ ಸೋಗೆ ಹಳದಿ ತಿರುಗಿತು, ಬೇರಿಗೆ ಉಸಿರು ಸಿಗ್ಲಿಲ್ಲ ಅಂತ ಕಾಣ್ತದೆ, ಅಗೆದು ತೆಗೆಸಿದೆ. ಕಾಳುಮೆಣಸಿನ ಬಳ್ಳಿ ಚುಚ್ಚಿದ ಪ್ಲಾಸ್ಟಿಕ್ ತೊಟ್ಟೆಗಳಿಗೆ ಬರೀ ಹೂಳು ತುಂಬಿಸಿದ್ದರಲ್ಲಿ ಹೆಚ್ಚಿನದ್ದು ಕೊಳೆತು ಹೋಯ್ತು. ಬಸಳೆಗೆ ಮಾತ್ರ ಕೇಳ್ಬೇಡಿ, ಚಪ್ಪರ ಕೂತು ಹೋಗುವಷ್ಟು.

ಖರ್ಚು: ಪಂಪ್ 16, ಹೋಸ್ 7, ಇಬ್ಬರು ಆಳಿಗೆ 14ರ ಹತ್ರ, ಹಳೆ ಬಾಡಿಗೆ, ಕರೆಂಟು, ಚಿಲ್ಲರೆ ಎಲ್ಲ ಸೇರಿ 45 ಸಾವಿರ ಮೀರ್ಲಿಲ್ಲ. ಮರ ಒಂದೂ ಕಡೀಲಿಲ್ಲ, ಪಂಪ್ ಈಗ್ಲೂ ಕೈಯಲ್ಲುಂಟು. ಆ ವರ್ಷ ಪತ್ತನಾಜೆ (ಮೇ ಕೊನೆಗೆ ಬರುವ ತುಳುವರ ದಿನ) ಕಳೆದ್ರೂ ಮಳೆ ಇಲ್ಲ, ಕೇರಳಕ್ಕೇ ಮುಂಗಾರು ಬಂದದ್ದು ಜೂನ್ 8ಕ್ಕೆ. ಅಷ್ಟರವರೆಗೂ ತೋಟಕ್ಕೆ ದಿನ ಬಿಟ್ಟು ದಿನ ನೀರು ಬಿಟ್ಟೆ.

ಈಗ ಗುಡ್ಡೆ ನೀರು ಕೆರೆಗೆ ಇಳಿಯುವಲ್ಲಿ ಆರಡಿಗೆ ನಾಲ್ಕಡಿ ಗುಂಡಿ ಮಾಡಿದ್ದೇನೆ, ಮಣ್ಣು ಅದರಲ್ಲೇ ನಿಲ್ತದೆ, ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಮಳೆ ಬಿಟ್ಟಾಗ ಒಮ್ಮೆ ಎತ್ತಿದ್ರೆ ಸಾಕು. ಮೆಟ್ಟಿಲಿನ ಅಡಿಗೆ ಮಾತ್ರ ಜೆಟ್ ತಾಗುದಿಲ್ಲ, ಅಲ್ಲಿ ಒಂದಡಿ ಹೂಳು ಹಾಗೇ ಉಂಟು. ಬರುವ ಮಾರ್ಚಲ್ಲಿ ಪೈಪಿಗೆ ಬೆಂಡ್ ಹಾಕಿ ನೋಡ್ಬೇಕು.