ತಗಡಿನ ಮನೆಗೆ ಸುಣ್ಣದ ಛಾವಣಿ: ಕಲಬುರಗಿಯ ಮೂರು ಬೇಸಿಗೆಗಳ ನನ್ನ ಅನುಭವ

ಅಂತಿಮ ವರ್ಷದ ವಿದ್ಯಾರ್ಥಿಗಳ ಪ್ರಾಜೆಕ್ಟಿಗೆಂದು ಬಿಸಿಲನ್ನು ಹಿಂದಕ್ಕೆ ತಳ್ಳಿ ಒಳಗೆ ತಂಪಾಗಿರಲೆಂದು ತಗಡಿನ ಮನೆಗಳ ಛಾವಣಿಗೆ ಸುಣ್ಣ ಬಳಿಯುವ ವಿಷಯವನ್ನು ನಾನು ಮುಂದಿಟ್ಟಾಗ, ವಿಭಾಗದ ಸಭೆಯಲ್ಲಿ ಹಿರಿಯರೊಬ್ಬರು "ಇದು ಪ್ರಾಜೆಕ್ಟ್ ಅಲ್ಲ, ಪೇಂಟರ್ ಕೆಲಸ" ಎಂದು ನಕ್ಕಿದ್ದರು. ಆ್ಯಪ್ ಇಲ್ಲ, ಸೆನ್ಸರ್ ಇಲ್ಲ ಎಂದು ಹಣವನ್ನೂ ಕೊಡಲಿಲ್ಲ. 2010ರ ಬಿಸಿಗಾಳಿಯಲ್ಲಿ ಪೆಟ್ಟು ತಿಂದ ಅಹಮದಾಬಾದ್ 2013ರಲ್ಲಿ ಶಾಖ ನಿರ್ವಹಣೆಯ ಯೋಜನೆ ಮಾಡಿಕೊಂಡಿದ್ದನ್ನೂ, ಮುಂದೆ ಅಲ್ಲಿನ ಬಡವರ ಮನೆಗಳ ಛಾವಣಿಗೆ ಬಿಳಿ ಸುಣ್ಣ ಬಳಿಸಿದ್ದನ್ನೂ, ನಮ್ಮ ಗಡಿಯಾಚೆಯ ತೆಲಂಗಾಣ 2023ರಲ್ಲಿ ತಂಪು ಛಾವಣಿಗೆಂದೇ ನೀತಿ ತಂದಿದ್ದನ್ನೂ ಹೇಳಿ ನೋಡಿದೆ. ಯಾರೂ ಕಿವಿಗೊಡಲಿಲ್ಲ. ಕೊನೆಗೆ ನಾನೂ ಐವರು ಹುಡುಗರೂ ಕೈಯಿಂದಲೇ ಹಣ ಹಾಕಿ ಶುರು ಮಾಡಿದೆವು.

ಮೊದಲ ಬೇಸಿಗೆಯಲ್ಲಿ ಮೂರು ಮನೆಗಳನ್ನು ಹಿಡಿದೆವು. ಬಿಸಿಲಿದ್ದರೆ ಬೇಗ ಒಣಗುತ್ತದೆ ಎಂಬ ಜಾಣತನದಲ್ಲಿ, ಏಪ್ರಿಲ್ ತಿಂಗಳ ನಡುಮಧ್ಯಾಹ್ನವೇ ಬಳಿದೆವು. ಕಾದ ತಗಡಿಗೆ ತಾಗಿದೊಡನೆ ಸುಣ್ಣ ಚುರ್ ಎಂದು ಒಣಗಿ ಪುಡಿಯಾಯಿತು. ಭರಣಿ ಮಳೆಯ ಒಂದೇ ಹೊಡೆತಕ್ಕೆ ನಮ್ಮ ₹2,800 ಓಣಿಯ ಗಟಾರದಲ್ಲಿ ಬೆಳ್ಳಗೆ ಹರಿದುಹೋಯಿತು. ಎರಡನೆಯ ಸಲ ಬಡಗಿಗಳು ಬಳಸುವ ಬಿಳಿ ಅಂಟನ್ನು ಧಾರಾಳವಾಗಿ ಬೆರೆಸಿದೆವು. ಹದಿನೈದು ದಿನಗಳಲ್ಲಿ ಅದು ಸುಟ್ಟ ಹಪ್ಪಳದಂತೆ ಉಬ್ಬಿ ಎದ್ದಿತು, ಏಳದೆ ಉಳಿದ ಕಡೆ ಧೂಳು ಕಚ್ಚಿಕೊಂಡು ಹಳದಿಯಾಯಿತು. ಅದೂ ಸೇರಿ ಆ ವರ್ಷ ಸುಮಾರು ಆರೇಳು ಸಾವಿರ ರೂಪಾಯಿ ನೀರಿಗೆ ಹೋಯಿತು.

ಕೈಹಿಡಿದ ಕ್ರಮ ಇಷ್ಟು: ಪಾಕೀಟಿನ ಪುಡಿಯನ್ನು ಬಿಟ್ಟು ಸುಣ್ಣದ ಹರಳನ್ನೇ ತಂದು ಮೂರು ದಿನ ನೀರಿನಲ್ಲಿ ಅರಳಿಸಿ, ತೆಳು ಬಟ್ಟೆಯಲ್ಲಿ ಸೋಸಿ, ಬಿಳಿ ಸಿಮೆಂಟನ್ನೂ ಅಂಟನ್ನೂ ಮಿತವಾಗಿ ಸೇರಿಸಿ, ಹೊತ್ತು ಮುಳುಗಿ ತಗಡು ತಣಿದ ಮೇಲೆ ತೆಳುವಾಗಿ ಎರಡು ಕೈ ಬಳಿದು, ಮರುದಿನ ಬೆಳಕು ಹರಿಯುವಾಗ ನೀರು ಚಿಮುಕಿಸುವುದು. ಹಳೆಯ ತುಕ್ಕು ಹಿಡಿದ ತಗಡಿಗೆ ಸುಣ್ಣ ತಾನಾಗಿ ಹಿಡಿಯುತ್ತದೆ. ಹೊಸ ತಗಡಿನ ನುಣುಪನ್ನು ಮಾತ್ರ ಮೊದಲು ಹುಣಸೆ ಹುಳಿಯಿಂದ ಉಜ್ಜಿ ಮುರಿಯಬೇಕು. ಸಿಮೆಂಟ್ ಶೀಟುಗಳಲ್ಲಿ ಉಸಿರಿಗೆ ಸೇರಿದರೆ ಅಪಾಯವಾದ ಕಲ್ನಾರಿನ (ಆಸ್ಬೆಸ್ಟಾಸ್) ಎಳೆ ಇರಬಹುದಾದ್ದರಿಂದ ಅವನ್ನು ಉಜ್ಜುವ ಗೋಜಿಗೆ ನಾವು ಹೋಗಲಿಲ್ಲ. ಬೆರಕೆಗೆ ಇನ್ನೊಂದು ಪದಾರ್ಥವೂ ಬೀಳುತ್ತದೆ. ಅದೂ ಅಂಟಿನ ಅಳತೆಯೂ ಸದ್ಯಕ್ಕೆ ನಮ್ಮ ಹುಡುಗರ ನೋಟ್‌ಬುಕ್ಕಿನಲ್ಲಿಯೇ ಇರಲಿ.

ಸುಣ್ಣಕ್ಕಿಂತ ಹೆಚ್ಚು ಸತಾಯಿಸಿದ್ದು ಕಾವಿನ ಅಳತೆ. ₹1,200 ಕೊಟ್ಟು ತಂದ, ಮುಟ್ಟದೆಯೇ ದೂರದಿಂದ ಕಾವು ಅಳೆಯುವ ಇನ್‌ಫ್ರಾರೆಡ್ ಗನ್, ಮುಟ್ಟಿದರೆ ಕೈ ಸುಡುವ ಹೊಸ ತಗಡನ್ನು 37 ಡಿಗ್ರಿ ಎಂದು ತೋರಿಸಿತು. ಗನ್ ಕೆಟ್ಟಿದೆಯೆಂದು ಅಂಗಡಿಯವನೊಡನೆ ಜಗಳವಾಡಿ ಬಂದ ಮೇಲೆಯೇ, ಹೊಳೆಯುವ ಲೋಹಕ್ಕೆ ಅದು ಸುಳ್ಳು ಹೇಳುತ್ತದೆ ಎಂಬುದು ಹೊಳೆಯಿತು. ಭೌತಶಾಸ್ತ್ರದ ಮೇಷ್ಟ್ರಿಗೆ ಅದು ಮೊದಲೇ ಹೊಳೆಯಬೇಕಿತ್ತು. ಎರಡು ಬೆರಳಗಲದ ಕರಿ ಇನ್ಸುಲೇಷನ್ ಟೇಪನ್ನು ತಗಡಿನ ಒಳಮೈಗೆ ಅಂಟಿಸಿ, ಅದರ ಮೇಲೆ ಗುರಿಯಿಟ್ಟಾಗ ಅಂಕಿಗಳು ದಾರಿಗೆ ಬಂದವು.

ಇವತ್ತು ಸುಣ್ಣದ ಮನೆ, ನಾಳೆ ಸಾದಾ ಮನೆ ಎಂದು ಅಳೆದರೆ ಮೋಡ ಕವಿದ ಒಂದು ದಿನವೇ ಲೆಕ್ಕವನ್ನೆಲ್ಲ ಕೆಡಿಸುತ್ತದೆ. ಆದ್ದರಿಂದ ಎರಡನೆಯ ಬೇಸಿಗೆಯಲ್ಲಿ ಅಕ್ಕಪಕ್ಕದ ಮನೆಗಳನ್ನು ಜೋಡಿ ಮಾಡಿ, ಒಂದಕ್ಕೆ ಬಳಿದು ಒಂದನ್ನು ಹಾಗೆಯೇ ಬಿಟ್ಟೆವು. ಮೂರನೆಯ ದಿನವೇ ಬಿಟ್ಟ ಮನೆಯ ಅಜ್ಜಿ ಬಾಗಿಲಲ್ಲಿ ನಿಂತು, "ನಮ್ಮನಿ ಏನ್ ಪಾಪ ಮಾಡ್ಯದ್ರೀ ಸರ, ಬರೇ ಅವರ ಮನಿಗೇ ಯಾಕ ಹಚ್ಚೀರಿ?" ಎಂದು ಕೇಳಿದಳು. ಉತ್ತರ ತೋಚಲಿಲ್ಲ. ಇಪ್ಪತ್ತು ದಿನ ತಡೆಯಿರಿ, ನಿಮ್ಮ ಮನೆಗೆ ಪುಕ್ಕಟೆಯಾಗಿ ಬಳಿಯುತ್ತೇವೆ ಎಂದು ಹುಡುಗರು ಮಾತು ಕೊಟ್ಟು, ಇಪ್ಪತ್ತೊಂದನೆಯ ದಿನ ಬಳಿದರು.

ಮೇ ತಿಂಗಳ ಮಧ್ಯಾಹ್ನ ಎರಡರ ಸುಮಾರಿಗೆ ಸಾದಾ ತಗಡಿನ ಒಳಮೈ 58ರಿಂದ 60 ಡಿಗ್ರಿ, ಸುಣ್ಣದ್ದು 45ರ ಆಸುಪಾಸು ಇದ್ದದ್ದು ನನಗೆ ನೆನಪಿದೆ. ಕೋಣೆಯ ಗಾಳಿಯಲ್ಲಿ ಮೂರು, ಹೆಚ್ಚೆಂದರೆ ನಾಲ್ಕು ಡಿಗ್ರಿ ವ್ಯತ್ಯಾಸ ಸಿಕ್ಕಿತು. ಮೂರು ಡಿಗ್ರಿ ಎಂದರೆ ಕೇಳಿದವರು ಮೂಗು ಮುರಿಯುತ್ತಾರೆ. ಮಧ್ಯಾಹ್ನವೆಲ್ಲ ಬೇವಿನ ಮರದ ಕೆಳಗೆ ಕೂರುತ್ತಿದ್ದ ಬಾಣಂತಿಯೊಬ್ಬಳು ಕೂಸನ್ನು ಒಳಗೇ ಮಲಗಿಸತೊಡಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನೂರೈವತ್ತು ಚದರಡಿಯ ಮನೆಗೆ ಕೂಲಿ ಬಿಟ್ಟು ಸುಮಾರು ₹700 ಬಿತ್ತು. ಅಂಗಡಿಯ ಕೂಲ್ ರೂಫ್ ಪೇಂಟಿಗೆ ನಾಲ್ಕು ಸಾವಿರಕ್ಕೂ ಮೇಲೆ ಹೇಳಿದ್ದರು.

ನಡುವೆ ಎರಡು ಅಡ್ಡ ಪ್ರಯೋಗಗಳೂ ನಡೆದವು. ನಮ್ಮಲ್ಲಿ ತೊಗರಿ ಕಟ್ಟಿಗೆಗೆ ಬರವಿಲ್ಲವಾದ್ದರಿಂದ ಒಂದು ಮನೆಯ ತಗಡಿನ ಮೇಲೆ ಅದನ್ನು ಗೇಣು ದಪ್ಪಕ್ಕೆ ಹರಡಿಸಿದೆವು. ತಂಪಿನಲ್ಲಿ ಅದು ಸುಣ್ಣವನ್ನೂ ಮೀರಿಸಿತು. ಆದರೆ ಇಲಿ ಸೇರಿಕೊಂಡವು, ಬಿರುಗಾಳಿಗೆ ಅರ್ಧ ಹಾರಿತು, ಒಂದು ಕಿಡಿ ಬಿದ್ದರೆ ಗತಿಯೇನೆಂದು ನಾವೇ ಹೆದರಿ ತೆಗೆಸಿದೆವು. ಇನ್ನೊಂದು, ಶಹಾಬಾದ್ ಕಲ್ಲಿನ ಮಾಳಿಗೆ. ಅಲ್ಲಿ ಮಧ್ಯಾಹ್ನ ಅಂಥ ವ್ಯತ್ಯಾಸವೇನೂ ಕಾಣದೆ ಹುಡುಗರು ಕೈಚೆಲ್ಲಿ ಕುಳಿತಿದ್ದರು. ಹಗಲು ಕುಡಿದ ಕಾವನ್ನು ಕಲ್ಲು ರಾತ್ರಿ ಕಕ್ಕುತ್ತದೆಯಾದ್ದರಿಂದ ಸುಣ್ಣದ ಗುಣ ಅಲ್ಲಿ ತಿಳಿದದ್ದು ರಾತ್ರಿ ಒಂಬತ್ತರ ನಂತರ, ಊಟ ಮುಗಿಸಿ ಸುಮ್ಮನೆ ಅಳೆದಾಗ.

ಈ ವರ್ಷ ಹದಿನಾಲ್ಕು ಮನೆಗಳಾಗಿವೆ. ಮಳೆಗಾಲ ದಾಟಿ ತೊಗರಿ ರಾಶಿಯ ಧೂಳು ಕುಳಿತ ಮೇಲೆ ಛಾವಣಿ ಮಬ್ಬಾಗುವುದರಿಂದ ವರ್ಷಕ್ಕೊಮ್ಮೆ ಬಳಿಯಲೇಬೇಕು. ಪ್ರತಿ ವರ್ಷ ಹುಡುಗರನ್ನು ಎಲ್ಲಿಂದ ತರುವುದು ಎಂಬ ಚಿಂತೆ ನನಗಿತ್ತು. ಅದನ್ನು ಬಗೆಹರಿಸಿದವಳು ಅದೇ ಅಜ್ಜಿ. ಯುಗಾದಿಗೆ ಗೋಡೆಗೆ ಸುಣ್ಣ ಹಚ್ಚುವಾಗ ಒಂದು ಡಬ್ಬಿ ಹೆಚ್ಚು ಕಲಸಿ, ಮೊಮ್ಮಗನನ್ನು ನಿಚ್ಚಣಿಕೆ ಹತ್ತಿಸಿ ತಗಡಿಗೂ ಬಳಿಸಿದ್ದಳು. ಅಂಟು ಹಾಕಿರಲಿಲ್ಲ; ಬೆಲ್ಲದ ನೀರು ಹಾಕಿದ್ದಳಂತೆ. ಅದು ಮಳೆಗೆ ಎಷ್ಟು ತಡೆಯುತ್ತದೆಂದು ನೋಡಲು ಹುಡುಗರು ಅವಳ ಮನೆಗೂ ಟೇಪು ಅಂಟಿಸಿ ಬಂದಿದ್ದಾರೆ.