ಹಳೇ ಎಂಜಿಬಿಯ ಆಯಿಲ್ ಲೀಕ್: ಇಂಜಿನ್ ಇಳಿಸದೆ ನಿಲ್ಲಿಸಿದ್ದು

ಎಣ್ಣೆ ನೆಲದ ಮೇಲೆ ಎಲ್ಲಿ ಬಿದ್ದಿದೆಯೋ ಲೀಕ್ ಅದರ ಮೇಲೇ ಇದೆ ಅಂತ ದಯವಿಟ್ಟು ನಂಬಬೇಡಿ. ನಾನಿರೋದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ, ನನ್ನದು 1972ರ ಎಂಜಿಬಿ ಜಿಟಿ ಅನ್ನೋ ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಅದು ತಯಾರಾದ ಅಬಿಂಗ್ಡನ್ ಇಲ್ಲಿಂದ ದೂರವೇನಲ್ಲ. ಇದರ ಎಣ್ಣೆ ತೊಟ್ಟಿಕ್ಕುತ್ತಿದ್ದದ್ದು ಇಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಬೆಲ್ ಹೌಸಿಂಗ್ ಕೆಳಗೆ. ಗ್ಯಾರೇಜಿನವರು ಬಗ್ಗಿ ನೋಡಿದ ಕೂಡಲೇ ಕ್ರ್ಯಾಂಕ್‌ಶಾಫ್ಟಿನ (ಇಂಜಿನ್ ಒಳಗೆ ತಿರುಗುವ ಮುಖ್ಯ ದಂಡ) ಹಿಂದಿನ ಸೀಲ್ ಹೋಗಿದೆ, ಇಂಜಿನ್ ಇಳಿಸಬೇಕು ಅಂದರು. ಈ ಕಾರಿನಲ್ಲಿ ಆ ಸೀಲ್ ಬದಲಿಸೋಕೆ ಇಂಜಿನ್ ಹೊರಗೆ ಬರಲೇಬೇಕು, ನಿಜ. ಅಷ್ಟು ದೊಡ್ಡ ಕೆಲಸಕ್ಕೆ ಕೈ ಹಾಕೋ ಮುಂಚೆ ಖಾತ್ರಿ ಬೇಕಲ್ವಾ?

ಕಾರು ಓಡುವಾಗ ಗಾಳಿ ಎಣ್ಣೆಯನ್ನು ಹಿಂದಕ್ಕೆ ತಳ್ಳುತ್ತೆ. ಮುಂದೆ ಎಲ್ಲೋ ಜಿನುಗಿದ್ದು ಹಿಂದೆ ಬಂದು ತೊಟ್ಟಿಕ್ಕುತ್ತೆ. ಹಾಗಾಗಿ ಮೊದಲು ಇಂಜಿನ್ ಪೂರ್ತಿ ತೊಳೆದೆ. ಒಣಗಿದ ಮೇಲೆ ಅನುಮಾನ ಇದ್ದ ಕಡೆಯೆಲ್ಲ ಟಾಲ್ಕಂ ಪೌಡರ್ ಉದುರಿಸಿ, ಇಂಜಿನ್ ಚೆನ್ನಾಗಿ ಬಿಸಿಯಾಗುವಷ್ಟು ದೂರ ಓಡಿಸಿ ಬಂದು ಟಾರ್ಚ್ ಹಿಡಿದು ನೋಡಿದೆ. ಹುಡುಕಬೇಕಾದ್ದು ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು, ಎಲ್ಲಕ್ಕಿಂತ ಮುಂದಿನದು. ಬೆಲ್ ಹೌಸಿಂಗ್ ತಳದಲ್ಲಿ ಸ್ಪ್ಲಿಟ್ ಪಿನ್ ಹಾಕಿದ ಒಂದು ತೂತು ಇರುತ್ತೆ. ಸೀಲ್ ಹೋಗಿದ್ದರೆ ಎಣ್ಣೆ ಅದರೊಳಗಿಂದ ಬರಬೇಕು. ಅಲ್ಲಿ ಒಣಗಿತ್ತು. ಎಡಗಡೆ, ಇಂಜಿನ್ನಿಗೆ ಗಾಳಿ-ಪೆಟ್ರೋಲ್ ತರುವ, ಹೊಗೆ ಒಯ್ಯುವ ಮ್ಯಾನಿಫೋಲ್ಡ್ ಕೊಳವೆಗಳ ಕೆಳಗೆ ಮಾತ್ರ ಪೌಡರ್ ಕಂದು ಕೆಸರಾಗಿತ್ತು. ಅಲ್ಲಿಂದ ಒಂದು ಗೆರೆ ಬ್ಲಾಕ್ ಮೇಲೇ ಇಳಿದು, ಸಂಪ್ (ತಳದ ಎಣ್ಣೆ ತೊಟ್ಟಿ) ಅಂಚು ಹಿಡಿದು, ನೇರ ಬೆಲ್ ಹೌಸಿಂಗ್‌ವರೆಗೂ ಹೋಗಿತ್ತು.

ಅಲ್ಲಿರೋದು ವಾಲ್ವ್ ತೆರೆಯುವ ಪುಶ್‌ರಾಡ್ ಕಡ್ಡಿಗಳು ಓಡಾಡುವ ಜಾಗ ಮುಚ್ಚುವ ಎರಡು ತಗಡಿನ ಸೈಡ್ ಕವರ್. ಶಿವಮೊಗ್ಗದಲ್ಲಿ ಗ್ಯಾರೇಜ್ ನಡೆಸಿದ ನಮ್ಮ ಸೋದರಮಾವನಿಗೆ ಫೋಟೋ ಕಳಿಸಿದೆ. "ಇದು ನಮ್ಮ ಅಂಬಾಸಿಡರ್ ಇಂಜಿನ್ನೇ ಕಣೋ, ಪ್ಯಾಕಿಂಗ್ (ಗ್ಯಾಸ್ಕೆಟ್) ಆಮೇಲೆ ಹಾಕು, ಮೊದಲು ಬ್ರೀದರ್ ನೋಡು" ಅಂದರು. ಅವರು ಹೇಳಿದ್ದು ಸರಿ. ಅಂಬಾಸಿಡರ್‌ನ 1489 ಸಿಸಿ ಇಂಜಿನ್ನೂ ಎಂಜಿಬಿಯ 1798 ಸಿಸಿ ಇಂಜಿನ್ನೂ ಬ್ರಿಟಿಷ್ ಕಂಪನಿ ಬಿಎಂಸಿಯ ಒಂದೇ ಬಿ-ಸೀರೀಸ್ ಮನೆತನ.

ಬ್ರೀದರ್ ವಿಷಯ ಜಾಸ್ತಿ ಜನ ಬಿಟ್ಟುಬಿಡ್ತಾರೆ, ಅದಕ್ಕೇ ಒತ್ತಿ ಹೇಳ್ತೀನಿ. ಪಿಸ್ಟನ್ ಪಕ್ಕದಿಂದ ಸ್ವಲ್ಪ ಗ್ಯಾಸ್ ಯಾವಾಗಲೂ ಕೆಳಗೆ ನುಸುಳುತ್ತೆ, ಅದು ಹೊರಗೆ ಹೋಗುವ ದಾರಿಯೇ ಬ್ರೀದರ್. ನನ್ನ ಕಾರಿನಲ್ಲಿ ಮುಂದಿನ ಸೈಡ್ ಕವರ್‌ಗೆ ಸೇರಿದ ಡಬ್ಬಿಯಿಂದ ಪೈಪ್ ಹೊರಟು, ಎರಡು ಕಾರ್ಬ್ಯುರೇಟರ್ ಆ ಗ್ಯಾಸ್ ಎಳೆದುಕೊಳ್ಳುತ್ತವೆ. ಡಬ್ಬಿಯೊಳಗೆ ಎಣ್ಣೆ ತಡೆಯೋಕೆ ತಂತಿಯ ಜಾಲ ಇದೆ. ಅದು ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ, ಹೊಸ ಗ್ಯಾಸ್ಕೆಟ್ ಹಾಕಿದ್ರೂ ಎಣ್ಣೆ ದಾರಿ ಮಾಡ್ಕೊಳ್ಳುತ್ತೆ. ಐಡಲ್‌ನಲ್ಲಿ ಎಣ್ಣೆ ಹಾಕುವ ಮುಚ್ಚಳ ತೆಗೆದು ಅಂಗೈ ಇಟ್ಟರೆ ಮೆಲ್ಲಗೆ ಒಳಗೆ ಎಳೆಯಬೇಕು. ನನ್ನದು ಹೊರಗೆ ಊದುತ್ತಿತ್ತು.

ಇನ್ನು ಬಿಚ್ಚುವ ಕೆಲಸ. ಬ್ಯಾಟರಿ ಕನೆಕ್ಷನ್, ಏರ್ ಫಿಲ್ಟರ್, ಕಾರ್ಬ್ಯುರೇಟರ್, ಹೀಟ್ ಶೀಲ್ಡ್, ಆಮೇಲೆ ಮ್ಯಾನಿಫೋಲ್ಡ್. ಸೈಲೆನ್ಸರ್ ಪೈಪಿನ ಹಿತ್ತಾಳೆ ನಟ್‌ಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಟ್ಟಿದ್ದೆ, ಸಲೀಸಾಗಿ ಬಂದವು. ಹಿಂದಿನ ಕವರ್ ತೆಗೆದಾಗ ಕಾರ್ಕ್ ಗ್ಯಾಸ್ಕೆಟ್ ಹಪ್ಪಳದ ಹಾಗೆ ಪುಡಿಯಾಯಿತು. ಒಂದೊಂದು ಕವರ್‌ಗೂ ನಡುವೆ ಒಂದೇ ಬೋಲ್ಟ್ ಇರೋದು. ಎಣ್ಣೆ ಬರ್ತಿದೆ ಅಂತ ಯಾರೋ ಅದನ್ನು ಬಲವಾಗಿ ಬಿಗಿದಿದ್ದರು, ಅದಕ್ಕೆ ತಗಡು ನಡುವೆ ಒಳಗೆ ಕುಸಿದು ಅಂಚು ಎದ್ದಿತ್ತು. ಗಾಜಿನ ಮೇಲಿಟ್ಟು ನೋಡಿದರೆ ಸಂದು ಚೆನ್ನಾಗೇ ಕಾಣುತ್ತಿತ್ತು. ಮರದ ತುಂಡಿನ ಮೇಲಿಟ್ಟು ಸಣ್ಣ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ಸಮ ಮಾಡಿದೆ. ಇದನ್ನು ಮಾತ್ರ ತಪ್ಪಿಸಬೇಡಿ.

ಬ್ರೀದರ್ ಡಬ್ಬಿಯನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಬಾಯಿಂದ ಊದಿದರೆ ಗಾಳಿ ಸರಾಗ ಹೋಗುವವರೆಗೂ ತೊಳೆದೆ. ಹೊಸ ಕಾರ್ಕನ್ನು ಕವರ್ ಕಡೆಗೆ ಮಾತ್ರ ಅಂಟಿಸಿ, ಬ್ಲಾಕ್ ಕಡೆಗೆ ತೆಳುವಾಗಿ ಗ್ರೀಸ್ ಸವರಿದೆ. ಬೋಲ್ಟ್ ತಲೆಯ ಕೆಳಗಿನ ವಾಷರ್ ಕೂಡ ಹೊಸದು ಹಾಕಿ, ಅಲ್ಲಿಂದಲೂ ಜಿನುಗುತ್ತೆ. ಬಿಗಿ ಎಷ್ಟು ಅಂದರೆ, ಚಿಕ್ಕ ಸ್ಪ್ಯಾನರನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸುವಷ್ಟು ಸಾಕು. ಕಾರ್ಕ್ ಸ್ವಲ್ಪ ಉಬ್ಬುತ್ತಿದ್ದ ಹಾಗೆ ನಿಲ್ಲಿಸಿ.

ಮ್ಯಾನಿಫೋಲ್ಡ್‌ಗೆ ಹೊಸ ಗ್ಯಾಸ್ಕೆಟ್ ಹಾಕಿ ಎಲ್ಲ ಜೋಡಿಸಿ, 20ಡಬ್ಲ್ಯೂ-50 ಎಣ್ಣೆ ಮಟ್ಟ ನೋಡಿ ಸ್ಟಾರ್ಟ್ ಮಾಡಿದೆ. ಅಂಗೈ ಇಟ್ಟರೆ ಈಗ ಒಳಗೆ ಎಳೆಯುತ್ತೆ. ಮತ್ತೆ ಪೌಡರ್ ಹಾಕಿ ಓಡಿಸಿ ನೋಡಿದೆ, ಬ್ಲಾಕ್ ಬೆಳ್ಳಗೇ ಇತ್ತು, ಬೆಲ್ ಹೌಸಿಂಗ್ ಕೆಳಗೂ ಏನಿಲ್ಲ. ಇಂಜಿನ್ ಮುಂಭಾಗದ ಟೈಮಿಂಗ್ ಕವರ್ ಹತ್ತಿರ ಸ್ವಲ್ಪ ತೇವ ಇದೆ, ಅದು ಕ್ರ್ಯಾಂಕ್‌ಶಾಫ್ಟಿನ ಮುಂದಿನ ಸೀಲ್ ಇರಬೇಕು. ಅದಕ್ಕೆ ರೇಡಿಯೇಟರ್ ತೆಗೆಯಬೇಕು, ಚಳಿಗಾಲದಲ್ಲಿ ಮಾಡ್ತೀನಿ.